ಕೆಡಿಸುವ ಮಾತ್ರೆ ಗಲ್ಲಿಗಲ್ಲಿಯಲ್ಲಿದೆ, ಬಿಡಿಸುವ ಮಾತ್ರೆ ಎಲ್ಲಿದೆ? – ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಸಾದರ ನಮಸ್ಕಾರಗಳು.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಬಡಾವಣೆಯೊಂದರಲ್ಲಿ ನಾನು 21 ವರ್ಷಗಳಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಕಾರ್ಖಾನೆ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಆಟೊ ಓಡಿಸುವವರು ನನ್ನ ಗಿರಾಕಿಗಳು. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ, ಮಕ್ಕಳ ಕೆಮ್ಮಿನ ಔಷಧಿ, ಇದೇ ನನ್ನ ದಿನದ ವ್ಯಾಪಾರ. ಈ ಪತ್ರಕ್ಕೆ ಹೆಸರು ಹಾಕುತ್ತಿಲ್ಲ. ನನಗಾಗಿ ಅಂಜಿಕೆಯಿಲ್ಲ. ನನ್ನ ತಮ್ಮ ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದಾನೆ, ನನ್ನ ಪತ್ರದಿಂದ ಅವನ ಅನ್ನಕ್ಕೆ ಕಲ್ಲು ಬೀಳಬಾರದು.

ಕಳೆದ ವರ್ಷ ಆಷಾಢದ ಒಂದು ಶುಕ್ರವಾರ. ರಾತ್ರಿ ಹತ್ತರ ಹೊತ್ತಿಗೆ ಶಟರ್ ಅರ್ಧ ಎಳೆದಿದ್ದೆ. ಹಿಂದಿನ ಬೀದಿಯ ಹುಡುಗನೊಬ್ಬ ಬಂದು ನಿಂತ. ನನ್ನ ತಮ್ಮನ ಓರಗೆಯವನು, ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಉಂಡು ಬೆಳೆದವನು. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ. ಕೈಯ ಮೇಲಿನ ಕೂದಲೆಲ್ಲ ನಿಮಿರಿ ನಿಂತಿದ್ದವು. "ಅಣ್ಣಾ, ಮೈಯೆಲ್ಲ ಮುರೀತಾ ಇದೆ. ಬಿಡಬೇಕು ಅಂತಾನೇ ಇದೀನಿ. ಬಿಡಿಸೋದಕ್ಕೆ ಯಾವುದಾದ್ರೂ ಮಾತ್ರೆ ಇದ್ರೆ ಕೊಡು" ಎಂದ.

ಅಂಥ ಮಾತ್ರೆ ಇದೆ. ಅದರ ಹೆಸರು ಬ್ಯುಪ್ರೆನಾರ್ಫಿನ್. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಣ್ಣ ಮಾತ್ರೆ. ಅಫೀಮಿನ ಜಾತಿಯ ನಶೆಗೆ, ಅಂದರೆ ಬ್ರೌನ್ ಶುಗರ್, ಹೆರಾಯಿನ್, ಚಟವಾಗಿಬಿಟ್ಟ ನೋವಿನ ಮಾತ್ರೆ ಇಂಥವುಗಳಿಗೆ ಸಿಕ್ಕಿಬಿದ್ದ ಮೈಯನ್ನು ಅದು ತಣಿಸುತ್ತದೆ. ಮೈಮುರಿತ, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳ ಸಂಕಟವನ್ನು ತಡೆದು ಮನುಷ್ಯ ಎದ್ದು ಕೆಲಸಕ್ಕೆ ಹೋಗುವಂತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2005ರಲ್ಲಿ. ಆದರೆ ನನ್ನಂಥ ಅಂಗಡಿಯವನು ಅದನ್ನು ಇಟ್ಟುಕೊಳ್ಳುವಂತಿಲ್ಲ. ವ್ಯಸನಮುಕ್ತಿ ಕೇಂದ್ರಗಳಿಗೆ ಮತ್ತು ಆ ಸೌಲಭ್ಯವಿರುವ ಆಸ್ಪತ್ರೆಗಳಿಗೆ ಮಾತ್ರ ಅದರ ಸರಬರಾಜು. ಆ ನಿಯಮ ಸರಿಯಾಗಿಯೇ ಇದೆ, ಅದನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಅಂಗಡಿಯಲ್ಲಿ ಬೇಕಾಬಿಟ್ಟಿ ಮಾರಿದರೆ ಅದೂ ಇನ್ನೊಂದು ಚಟವಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ರಾತ್ರಿ ಅವನಿಗೆ ಎರಡು ಓಆರ್‌ಎಸ್ ಪೊಟ್ಟಣ ಕೊಟ್ಟೆ, ಜ್ವರದ ಮಾತ್ರೆ ಕೊಟ್ಟೆ. "ಸೋಮವಾರ ಆಸ್ಪತ್ರೆಗೆ ಹೋಗೋಣ, ನಾನೇ ಬರ್ತೀನಿ" ಎಂದೆ. ಸೋಮವಾರ ಎಂದರೆ ಎರಡೂವರೆ ದಿನ. ವಿತ್‌ಡ್ರಾವಲ್, ಅಂದರೆ ನಶೆ ನಿಂತಾಗ ಮೈಗೆ ಬರುವ ಈ ಸಂಕಟ, ಅತಿ ಜೋರಾಗಿರುವುದೇ ಎರಡನೆಯ, ಮೂರನೆಯ ದಿನ. ಕಾಲೇಜಿನಲ್ಲಿ ಓದಿದ್ದ ವಿಷಯವೇ. ಆದರೂ ಕಳಿಸಿಬಿಟ್ಟೆ, ಕಳಿಸಲು ಇನ್ನೊಂದು ಜಾಗ ನನಗೆ ಗೊತ್ತಿರಲಿಲ್ಲ.

ಶನಿವಾರ ಅವನ ಮನೆಯವರು ಹೆದರಿ ಊರ ಹೊರಗಿನ ಒಂದು ಖಾಸಗಿ ಸೆಂಟರ್‌ಗೆ ಫೋನ್ ಮಾಡಿದರು. ಅವರೇ ವ್ಯಾನ್ ತಂದು, ನಾಲ್ಕು ಜನ ಬಂದು ಎತ್ತಿಕೊಂಡು ಹೋದರು. 45 ದಿನ ಇಟ್ಟುಕೊಂಡರು. ಮರಳಿ ಬಂದಾಗ ಹುಡುಗ ಮೈಕೈ ತುಂಬಿಕೊಂಡಿದ್ದ, ಹಣೆಗೆ ವಿಭೂತಿ ಇಟ್ಟುಕೊಂಡಿದ್ದ. ಬೀದಿಯವರೆಲ್ಲ "ಸರಿಹೋದ" ಎಂದರು. ಮೂರನೆಯ ದಿನ ಹಳೆಯ ಗೆಳೆಯರ ಜೊತೆ ಹಳೆಯ ಅಳತೆಯಲ್ಲೇ ತೆಗೆದುಕೊಂಡ. ಒಂದೂವರೆ ತಿಂಗಳು ಬಿಟ್ಟಿದ್ದ ಮೈಗೆ ಆ ಅಳತೆ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ನಶೆ ಬಿಟ್ಟು ಕೆಲವು ವಾರ ಕಳೆದವನಿಗೆ ಹಳೆಯ ಡೋಸೇ ವಿಷವಾಗುತ್ತದೆ, ಉಸಿರು ನಿಧಾನವಾಗಿ ನಿಲ್ಲುತ್ತದೆ. ಸೆಂಟರಿನಿಂದ ಅಥವಾ ಜೈಲಿನಿಂದ ಹೊರಬಂದ ಮೊದಲ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದ ದಿನಗಳು. ಇದನ್ನು ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವನ ಅಮ್ಮನಿಗೂ ಹೇಳಿರಲಿಲ್ಲ. ಅವನಿಗೆ 23 ವರ್ಷ.

ಸ್ವಾಮಿ, ನಮ್ಮ ನಗರದಲ್ಲಿ ಕೆಡಿಸುವ ಮಾತ್ರೆ ಸಿಗಲು ಅರ್ಧ ಗಂಟೆ ಸಾಕು, ಬಿಡಿಸುವ ಮಾತ್ರೆ ಸಿಗಲು ವಾರಗಳು ಬೇಕು. ಇದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಪೊಲೀಸರು ಸುಮ್ಮನಿದ್ದಾರೆ ಎಂದು ನಾನು ಹೇಳುವುದಿಲ್ಲ. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿಗೆ ಬಂದು 37 ಕೆ.ಜಿ.ಗೂ ಹೆಚ್ಚು ಎಂಡಿಎಂಎ ಎಂಬ ರಾಸಾಯನಿಕ ನಶೆ ಹಿಡಿದರು, ಅದರ ಬೆಲೆ 75 ಕೋಟಿ ರೂಪಾಯಿ ಎಂದು ಎಲ್ಲ ಪತ್ರಿಕೆಗಳಲ್ಲೂ ಬಂತು. ದೊಡ್ಡ ಕೆಲಸ, ಅವರಿಗೆ ನಮಸ್ಕಾರ. ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ವಶಪಡಿಸಿಕೊಂಡ ಗಾಂಜಾ, ಮಾತ್ರೆ, ಪುಡಿಗಳನ್ನು ಸುಡುವ ಚಿತ್ರಗಳನ್ನೂ ನೋಡುತ್ತೇವೆ. ಆದರೆ ಆ ಮಾಲು ಯಾರ ಮೈಗೆ ಹೋಗಬೇಕಿತ್ತೋ ಅವರು ಮಾರನೆಯ ದಿನ ಎಲ್ಲಿಗೆ ಹೋಗುತ್ತಾರೆ ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಅವರಲ್ಲಿ ಕೆಲವರು ನನ್ನ ಅಂಗಡಿಗೆ ಬರುತ್ತಾರೆ. ಬೇರೆ ಯಾರದೋ ಹೆಸರಿನ ಹಳೇ ಚೀಟಿ ತರುತ್ತಾರೆ, ಅಜ್ಜಿಗೆ ಮಂಡಿನೋವು ಎನ್ನುತ್ತಾರೆ. ಇಲ್ಲವೆಂದರೆ ಮುಂದಿನ ಬೀದಿಗೆ ಹೋಗುತ್ತಾರೆ. ಅಲ್ಲಿ ಕೊಡುವವರು ಇದ್ದಾರೆ. ನನ್ನ ವೃತ್ತಿಯವರ ಬಗ್ಗೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜವನ್ನೇ ಬರೆಯಬೇಕು. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು 2018ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಯ ಕೆಳಗೆ ತಂದರು. ಅದನ್ನು ಕೇಳಿ ಬರುವವರು ಕಡಿಮೆಯಾದರು. ನನ್ನ ಕೌಂಟರಿನಲ್ಲಿ ಅದೇ ಮುಖಗಳು ಅದೇ ಜಾತಿಯ ಇನ್ನೊಂದು ನೋವಿನ ಮಾತ್ರೆ ಟಪೆಂಟಡಾಲ್ ಕೇಳತೊಡಗಿದವು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ತಟ್ಟುತ್ತಾರೆ, ಏಕೆಂದರೆ ಒಳಗಿನ ಕಾಯಿಲೆ ಹಾಗೆಯೇ ಇದೆ.

ಇನ್ನು ನನ್ನ ಮನೆಯ ಕಥೆ.

ತಮ್ಮ ನನಗಿಂತ 17 ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ನಾನೇ ಓದಿಸಿದೆ. ಐಟಿಐ ಮುಗಿಸಿ ಸಿಎನ್‌ಸಿ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಸತತ ನೈಟ್ ಶಿಫ್ಟ್. ನಿಂತೂ ನಿಂತೂ ಸೊಂಟ ನೋವು. ಜೊತೆಯವನೊಬ್ಬ ಒಂದು ಮಾತ್ರೆ ಕೊಟ್ಟ, ನೋವು ಹೋಯಿತು, ದಣಿವೂ ಹೋಯಿತು. ಮೊದಮೊದಲು ಸಂಬಳದ ದಿನ ಮಾತ್ರ, ಆಮೇಲೆ ದಿನವೂ, ಆಮೇಲೆ ಸೂಜಿ. ಮಟಮಟ ಮಧ್ಯಾಹ್ನವೂ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಿದ್ದ. ಊಟದ ತಟ್ಟೆ ಮುಂದೆ ತೂಕಡಿಸುತ್ತಿದ್ದ. ನೈಟ್ ಶಿಫ್ಟ್ ಅಂದುಕೊಂಡೆವು. ನನಗೆ ಗೊತ್ತಾಗಿದ್ದು ತಿಂಗಳ ಕೊನೆಯಲ್ಲಿ ಸ್ಟಾಕ್ ನೋಡುವಾಗ. ನಾಲ್ಕು ಸ್ಟ್ರಿಪ್ ಲೆಕ್ಕಕ್ಕೆ ಸಿಗಲಿಲ್ಲ. ಹುಡುಗನ ಮೇಲೆ, ಅಂಗಡಿಯಲ್ಲಿ ಕೆಲಸಕ್ಕಿದ್ದವನ ಮೇಲೆ, ಅನುಮಾನಪಟ್ಟು ಅವನನ್ನು ಬೈದೆ. ಎರಡು ದಿನದ ಮೇಲೆ ತಮ್ಮನ ಹಾಸಿಗೆ ಕೆಳಗೆ ಖಾಲಿ ಸ್ಟ್ರಿಪ್ ಸಿಕ್ಕವು, ಬ್ಯಾಚ್ ನಂಬರ್ ನನ್ನದೇ. ಊರಿಗೆಲ್ಲ ಔಷಧಿ ಕೊಡುವವನ ಮನೆಯಲ್ಲೇ ಕಾಯಿಲೆ ಬೆಳೆಯುತ್ತಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೈದೆ, ಹೊಡೆದೆ, ಕಾಲಿಗೂ ಬಿದ್ದೆ. ಅಮ್ಮ ಹರಕೆ ಹೊತ್ತಳು. ಇನ್ನೊಮ್ಮೆ ಗೆಳೆಯರ ಜೊತೆ ಗಾಂಜಾ ಸೇದುವಾಗ ಸಿಕ್ಕಿಬಿದ್ದ, ಮೂತ್ರ ಪರೀಕ್ಷೆ ಮಾಡಿಸಿದರು, ಕೇಸಾಯಿತು, ಕೋರ್ಟಿನಲ್ಲಿ ದಂಡ ಕಟ್ಟಿ ಬಿಡಿಸಿಕೊಂಡು ಬಂದೆ. ಆ ಇಡೀ ಓಡಾಟದಲ್ಲಿ ಯಾರೊಬ್ಬರೂ "ಇವನಿಗೆ ಚಿಕಿತ್ಸೆ ಕೊಡಿಸಿದ್ದೀರಾ?" ಎಂದು ಕೇಳಲಿಲ್ಲ. ಆಮೇಲೆ ಸೆಂಟರ್. ತಿಂಗಳಿಗೆ 28,000 ರೂಪಾಯಿ, ಮೂರು ತಿಂಗಳು ಮುಂಗಡ. ಆಯುಷ್ಮಾನ್ ಕಾರ್ಡ್ ತೋರಿಸಿದೆ, ಅದು ಇಲ್ಲಿ ನಡೆಯುವುದಿಲ್ಲ ಎಂದರು. ಅಮ್ಮನ ಬಳೆ ಅಡವಿಟ್ಟೆವು. ಅಲ್ಲಿ ವೈದ್ಯರು ಇರಲಿಲ್ಲ. ಇದ್ದವರು ಹಿಂದೆ ಕುಡಿದು ಬಿಟ್ಟವರು, ಅವರ ಕೈಯಲ್ಲಿ ಒಂದು ಪೈಪು. ಮೊದಲ ವಾರ ನನ್ನ ತಮ್ಮನನ್ನು ಕಿಟಕಿಯ ಸರಳಿಗೆ ಕಟ್ಟಿ ಹಾಕಿದ್ದರು. ವಾಂತಿ, ಭೇದಿ ಎಲ್ಲ ಅಲ್ಲೇ. ಒಂದು ತಿಂಗಳು ಫೋನಿನಲ್ಲಿ ಮಾತಾಡಲು ಬಿಡಲಿಲ್ಲ. ಇದೆಲ್ಲ ಅವನು ನನಗೆ ಹೇಳಿದ್ದು ಹೊರಬಂದು ಎಷ್ಟೋ ದಿನಗಳ ಮೇಲೆ, ಮತ್ತೆ ಚಟ ಶುರುವಾದ ಮೇಲೆ.

ಒಳ್ಳೆಯ ಕೇಂದ್ರಗಳೇ ಇಲ್ಲವೆಂದಲ್ಲ. ನಾಲ್ಕಾರು ದಶಕಗಳಿಂದ ಶ್ರದ್ಧೆಯಿಂದ ನಡೆಸಿಕೊಂಡು ಬಂದವರು ದೇಶದಲ್ಲಿದ್ದಾರೆ. ನಮ್ಮ ರಾಜ್ಯದಲ್ಲೇ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಎದ್ದು ನಿಂತ ಎಷ್ಟೋ ಸಂಸಾರಗಳಿವೆ. ನನ್ನ ತಕರಾರು ವೈದ್ಯರಿಲ್ಲದ, ನೋಂದಣಿಯಿಲ್ಲದ, ಬೀಗ ಜಡಿದ ಮನೆಗಳ ಬಗ್ಗೆ. ಹೆಚ್ಚು ಕುಡಿಯುವವನನ್ನು ಔಷಧಿಯಿಲ್ಲದೆ ಒಮ್ಮೆಲೆ ಕೂಡಿಹಾಕಿದರೆ ಅವನಿಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಇದು ವೈದ್ಯಕೀಯದ ಮೊದಲ ಪಾಠ. ಪೈಪು ಹಿಡಿದವನಿಗೆ ಆ ಪಾಠ ಗೊತ್ತಿರುವುದಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ. ಹಾಗೆಂದ ಮೇಲೆ ಇಂಥ ಪ್ರತಿ ಕೇಂದ್ರವೂ ರಾಜ್ಯದ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದೇ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ. ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದೂ ಅದು ಹೇಳುತ್ತದೆ. ಕಾಯ್ದೆಯಲ್ಲಿ ಹಕ್ಕಿದೆ, ಬಡಾವಣೆಯಲ್ಲಿ ಸೆಂಟರಿನ ವ್ಯಾನ್ ಇದೆ.

ಕಾನೂನಿನ ಇನ್ನೊಂದು ಮಾತನ್ನು ತಮ್ಮ ಮುಂದೆ ಇಡಬೇಕು. ತಮ್ಮನ ಕೇಸಿಗೆ ಓಡಾಡುವಾಗ ಒಬ್ಬ ವಕೀಲರು ಹೇಳಿಕೊಟ್ಟರು. 1985ರ ಎನ್‌ಡಿಪಿಎಸ್ ಕಾಯ್ದೆ ಬರೀ ಶಿಕ್ಷೆಯ ಕಾಯ್ದೆ ಅಂದುಕೊಂಡಿದ್ದೆ. ಅದರ 64ಎ ಕಲಂ ಪ್ರಕಾರ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋಗಿ, ಅದನ್ನು ಪೂರ್ತಿ ಮಾಡಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಓದಿದಾಗ ನನಗೆ ಅಳು ಬಂತು. ಆದರೆ ಅದರಲ್ಲಿ ಒಂದು ಷರತ್ತಿದೆ: ಚಿಕಿತ್ಸೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಆಗಬೇಕು. ಅಂದರೆ ಬಡವನಿಗೆ ಕೈಗೆಟುಕುವ ಸರ್ಕಾರಿ ಚಿಕಿತ್ಸೆ ಇಲ್ಲದಿದ್ದರೆ ಈ ರಕ್ಷಣೆ ಪುಸ್ತಕದಲ್ಲೇ ಉಳಿಯುತ್ತದೆ. ಅದೇ ಕಾಯ್ದೆಯ 71ನೇ ಕಲಂ ವ್ಯಸನಿಗಳನ್ನು ಗುರುತಿಸಲು, ಚಿಕಿತ್ಸೆಗೆ, ಆನಂತರದ ಆರೈಕೆಗೆ, ಪುನರ್ವಸತಿಗೆ ಎಷ್ಟು ಬೇಕೋ ಅಷ್ಟು ಕೇಂದ್ರ ತೆರೆಯಬಹುದು ಎಂದು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ವೈದ್ಯಕೀಯವಾಗಿ ಅಗತ್ಯವಿದ್ದರೆ ವ್ಯಸನಿಗೆ ಔಷಧಿ ಪೂರೈಸಬಹುದು ಎಂದೂ ಹೇಳಿದೆ. ಸೇವನೆಗೆ ಶಿಕ್ಷೆ ಹೇಳುವ 27ನೇ ಕಲಂ ನಮ್ಮ ಬೀದಿಯ ಪ್ರತಿ ಠಾಣೆಗೂ ಗೊತ್ತು. 64ಎ ಕಲಂ ಠಾಣೆಯ ಗೋಡೆಯ ಮೇಲೆ ಬರೆದಿದ್ದನ್ನು ನಾನೆಲ್ಲೂ ನೋಡಿಲ್ಲ.

ನಮ್ಮದು ಒಂದೆರಡು ಮನೆಯ ಗೋಳಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅಫೀಮು ಜಾತಿಯ ವಸ್ತುಗಳ ಬಳಕೆಗೆ ನೆರವು ಬೇಕಾದವರೇ ದೇಶದಲ್ಲಿ ಸುಮಾರು 77 ಲಕ್ಷ ಜನ. ಕಾನೂನುಬಾಹಿರ ಮಾದಕ ವಸ್ತುಗಳಿಗೆ ಅಂಟಿಕೊಂಡ 20 ಜನರಲ್ಲಿ ಒಬ್ಬರಿಗೆ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. 20 ಜನ ಸಕ್ಕರೆ ಕಾಯಿಲೆಯವರಲ್ಲಿ 19 ಜನರನ್ನು ಔಷಧಿಯಿಲ್ಲದೆ ವಾಪಸು ಕಳಿಸಿದರೆ ಯಾವ ಊರು ಸುಮ್ಮನಿರುತ್ತದೆ?

ನಮ್ಮ ರಾಜ್ಯಕ್ಕೆ ಇದು ಕೈಲಾಗದ ಕೆಲಸವಲ್ಲ. ಮನೋರೋಗದ ಔಷಧಿಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟಿದ್ದು ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್ ವೈದ್ಯರು 1980ರ ದಶಕದಲ್ಲಿ ಅಲ್ಲಿ ಮಾಡಿದ ಕೆಲಸವೇ ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಶುರುವಾಗಿ, ಕ್ರಮೇಣ ದೇಶದೆಲ್ಲೆಡೆ ಹಬ್ಬಿತು. ವ್ಯಸನ ಚಿಕಿತ್ಸೆಯಲ್ಲಿ ದೇಶವೇ ನೋಡಿ ಕಲಿಯುವ ವಿಭಾಗ ಅದೇ ನಿಮ್ಹಾನ್ಸ್‌ನಲ್ಲಿ, ನಮ್ಮ ಹೊಸೂರು ರಸ್ತೆಯಲ್ಲೇ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡನ್ನೂ ನಮ್ಮ ರಾಜ್ಯವೇ ಮಾಡಿತು. ಒಳ್ಳೆಯದು. ಆದರೆ ಶುಕ್ರವಾರ ರಾತ್ರಿ ಮೈಮುರಿತ ಶುರುವಾದವನು ಮಂಗಳವಾರದ ತನಕ ಕಾಯಲಾರ.

ಪಕ್ಕದ ಕೇರಳ ತನ್ನ ವಿಮುಕ್ತಿ ಯೋಜನೆಯಲ್ಲಿ 14 ಜಿಲ್ಲೆಗಳಲ್ಲೂ ಸರ್ಕಾರಿ ಆಸ್ಪತ್ರೆಗೆ ಸೇರಿದಂತೆ ವ್ಯಸನಮುಕ್ತಿ ಕೇಂದ್ರ ತೆರೆದಿದೆ. ಪಂಜಾಬ್ 2017ರ ಅಕ್ಟೋಬರಿನಿಂದ ಹೊರರೋಗಿ ಕ್ಲಿನಿಕ್‌ಗಳಲ್ಲಿ ಬ್ಯುಪ್ರೆನಾರ್ಫಿನ್ ಕೊಡುತ್ತಿದೆ. ಶುರುವಿನಲ್ಲಿ ರೋಗಿ ದಿನಾ ಬಂದು ಸಿಬ್ಬಂದಿ ಎದುರಲ್ಲೇ ಮಾತ್ರೆ ತೆಗೆದುಕೊಳ್ಳುವ ವ್ಯವಸ್ಥೆ. ಪುಣೆಗೆ ಬ್ರೌನ್ ಶುಗರ್ ನುಗ್ಗಿದ ಕಾಲದಲ್ಲಿ, 1986ರಲ್ಲಿ, ಡಾ. ಅನಿತಾ ಮತ್ತು ಅನಿಲ್ ಅವಚಟ್ ದಂಪತಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಶುರು ಮಾಡಿದ್ದು ಯರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆಯ ಆವರಣದ ಕಟ್ಟಡದಲ್ಲಿ. ಸರ್ಕಾರ ಜಾಗ ಕೊಟ್ಟಿತು, ಮನಸ್ಸುಳ್ಳವರು ಕೆಲಸ ಮಾಡಿದರು. ಬೆಂಗಳೂರಿನಲ್ಲಿ ಜಾಗಕ್ಕೂ ಕೊರತೆಯಿಲ್ಲ, ಮನಸ್ಸುಳ್ಳವರಿಗೂ ಕೊರತೆಯಿಲ್ಲ.

ನಾನು ಕೇಳುವುದು ಸರ್ಕಾರಿ ಆಸ್ಪತ್ರೆಯಲ್ಲಿ ಈ ಮಾತ್ರೆ ಕೊಡುವ ಒಂದು ಕಿಟಕಿ. ಮಲ್ಲೇಶ್ವರದ ಕೆ.ಸಿ. ಜನರಲ್, ಕೋಟೆ ಬಳಿಯ ವಿಕ್ಟೋರಿಯಾ, ಶಿವಾಜಿನಗರದ ಬೌರಿಂಗ್, ಜಯನಗರದ ಜನರಲ್ ಆಸ್ಪತ್ರೆ, ಹೀಗೆ ನಗರದ ನಾಲ್ಕು ದಿಕ್ಕಿನಲ್ಲೂ ಸರ್ಕಾರಿ ಆಸ್ಪತ್ರೆಗಳಿವೆ. ವ್ಯಸನ ಚಿಕಿತ್ಸೆ ಇರುವ ಕಡೆ ಅದನ್ನು ಹಿಗ್ಗಿಸಿ, ಇಲ್ಲದ ಕಡೆ ತೆರೆಯಿರಿ. ವಾರದ ಏಳು ದಿನವೂ, ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಒಂಬತ್ತು. ಈ ಹೊತ್ತನ್ನು ಸುಮ್ಮನೆ ಬರೆದಿಲ್ಲ. ಕೂಲಿಯವನು, ಶಿಫ್ಟಿನವನು ಹಗಲು ಹೊತ್ತು ಸಾಲಿನಲ್ಲಿ ನಿಂತರೆ ಅವನ ದಿನಗೂಲಿ ಹೋಗುತ್ತದೆ, ನಾಲ್ಕು ಸಲ ರಜೆ ಹಾಕಿದರೆ ಕೆಲಸವೇ ಹೋಗುತ್ತದೆ, ಕೆಲಸ ಹೋದವನು ಮತ್ತೆ ಹಳೇ ಗೆಳೆಯರ ಬಳಿಗೇ ಹೋಗುತ್ತಾನೆ. ಆ ಕಿಟಕಿಯಲ್ಲಿ ತರಬೇತಾದ ಒಬ್ಬ ವೈದ್ಯರು, ಒಬ್ಬ ನರ್ಸ್, ಮಾತಾಡಿಸುವ ಒಬ್ಬ ಕೌನ್ಸೆಲರ್ ಇರಲಿ. ಮೈಮುರಿತದಲ್ಲಿ ಬಂದವನಿಗೆ ಅವತ್ತೇ ಮಾತ್ರೆ ಸಿಗಲಿ. ಪೂರ್ತಿ ತಪಾಸಣೆ, ಕಾರ್ಡು, ಆಧಾರ್ ಎಲ್ಲ ಆಮೇಲೆ ನಡೆಯಲಿ. ಹೃದಯಾಘಾತವಾಗಿ ಬಂದವನನ್ನು ಯಾರೂ ಸೋಮವಾರ ಬಾ ಎನ್ನುವುದಿಲ್ಲ.

ಹಾಸಿಗೆಯೂ ಬೇಕು, ನಿಜ. ಕುಡಿತದ ವಿತ್‌ಡ್ರಾವಲ್‌ನಲ್ಲಿ ನಡುಗುತ್ತಿರುವವನಿಗೆ, ಮನೆಯೇ ಇಲ್ಲದವನಿಗೆ, ಜೊತೆಗೆ ಬೇರೆ ಮನೋರೋಗವೂ ಇರುವವನಿಗೆ ಬೇಕೇ ಬೇಕು. ಆದರೆ ನಮ್ಮ ಜನ ರಿಹ್ಯಾಬ್ ಎಂದರೆ ಎತ್ತಿಕೊಂಡು ಹೋಗಿ ಮೂರು ತಿಂಗಳು ಕೂಡಿಹಾಕುವುದು ಎಂದೇ ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಬಳೆ ಅಡವಿಟ್ಟವನು. ಮೈ ಶುದ್ಧವಾಗಲು ಹತ್ತು ದಿನ ಸಾಕು. ಚಟ ಮರುಕಳಿಸದಂತೆ ಕಾಯಲು ವರ್ಷಗಳು ಬೇಕು, ಆ ವರ್ಷಗಳನ್ನು ಅವನು ಕಳೆಯುವುದು ಮನೆಯಲ್ಲಿ, ಬೀದಿಯಲ್ಲಿ, ಕಾರ್ಖಾನೆಯಲ್ಲಿ. ಆದ್ದರಿಂದ ಚಿಕಿತ್ಸೆಯೂ ಅಲ್ಲಿಗೇ ಹತ್ತಿರವಿರಬೇಕು.

"ಒಂದು ನಶೆ ಬಿಡಿಸೋಕೆ ಇನ್ನೊಂದು ನಶೆ ಕೊಡ್ತೀರಾ?" ಎಂದು ತಮ್ಮ ಇಲಾಖೆಯಲ್ಲೇ ಯಾರಾದರೂ ಕೇಳಬಹುದು. ನಮ್ಮ ಸೋದರಮಾವನೂ ಕೇಳಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಮ್ಮ ಹಿರಿಯರೇ ಹೇಳಿಲ್ಲವೇ? ಬ್ಯುಪ್ರೆನಾರ್ಫಿನ್ ಅದೇ ಜಾತಿಯ ಔಷಧಿ, ಹೌದು. ಆದರೆ ಒಂದು ಮಿತಿ ಮುಟ್ಟಿದ ಮೇಲೆ ಅದರ ಪರಿಣಾಮ ಏರುವುದಿಲ್ಲ, ಹಾಗಾಗಿ ಉಸಿರು ನಿಲ್ಲುವ ಅಪಾಯ ಬಹಳ ಕಡಿಮೆ. ನಿಧಾನವಾಗಿ ಇಳಿಯುತ್ತದೆ, ದಿನವಿಡೀ ಮೈಯನ್ನು ಸಮಸ್ಥಿತಿಯಲ್ಲಿ ಇಡುತ್ತದೆ. ಸೂಜಿ ತಪ್ಪಿದರೆ ಎಚ್‌ಐವಿ, ಹೆಪಟೈಟಿಸ್ ಸಿ ಹಬ್ಬುವುದೂ ತಪ್ಪುತ್ತದೆ. ಏಡ್ಸ್ ನಿಯಂತ್ರಣದ ರಾಷ್ಟ್ರೀಯ ಸಂಸ್ಥೆ ನ್ಯಾಕೋ, ನಶೆ ಚುಚ್ಚಿಕೊಳ್ಳುವವರಿಗೆ ಈ ಚಿಕಿತ್ಸೆ ಕೊಡುತ್ತಿರುವುದು ಅದೇ ಕಾರಣಕ್ಕೆ. ನನ್ನ ಅಂಗಡಿಯಿಂದ 20 ವರ್ಷದಿಂದ ಬಿಪಿ ಮಾತ್ರೆ ಒಯ್ಯುವವರಿದ್ದಾರೆ, "ಯಾವಾಗ ಬಿಡ್ತೀಯಾ?" ಎಂದು ಅವರನ್ನು ಯಾರೂ ಚುಚ್ಚುವುದಿಲ್ಲ.

ಗಾಂಜಾ, ಎಂಡಿಎಂಎ, ಮಕ್ಕಳು ಮೂಸುವ ಸೊಲ್ಯೂಷನ್‌ಗೆ ಹೀಗೆ ಒಂದು ಮಾತ್ರೆ ಇಲ್ಲ. ಅಲ್ಲಿ ಮಾತು ಬೇಕು, ಸಮಯ ಬೇಕು, ತರಬೇತಾದ ಮನುಷ್ಯರು ಬೇಕು. ಮೆಜೆಸ್ಟಿಕ್ಕಿನ ಮೇಲ್ಸೇತುವೆ ಕೆಳಗೆ, ಕೆ.ಆರ್. ಮಾರ್ಕೆಟ್ಟಿನ ಹಿಂದೆ ಕರವಸ್ತ್ರ ಮೂಗಿಗೆ ಹಿಡಿದ ಹತ್ತು ಹನ್ನೆರಡರ ಮಕ್ಕಳನ್ನು ನಾವೆಲ್ಲ ನೋಡಿ ದಾಟಿಹೋಗುತ್ತೇವೆ. ದೇಶದಲ್ಲಿ ಹೀಗೆ ಮೂಸುವುದಕ್ಕೆ ಅಂಟಿಕೊಂಡು ನೆರವು ಬೇಕಾದ ಮಕ್ಕಳೇ ಸುಮಾರು 4.6 ಲಕ್ಷ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಅವರಿಗೆ ದೊಡ್ಡವರ ವಾರ್ಡು ಆಗದು. ಹೆಣ್ಣುಮಕ್ಕಳಿಗೂ ಆಗದು. ಗಂಡಸರೇ ತುಂಬಿದ ಸೆಂಟರಿಗೆ ಮಗಳನ್ನು ಹೇಗೆ ಕಳಿಸಲಿ ಎಂದು ಒಬ್ಬ ತಾಯಿ ನನ್ನ ಕೌಂಟರಿನ ಮುಂದೆ ನಿಂತು ಕೇಳಿದ್ದಾರೆ. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೆರಡು ವಿಷಯ ಬೇಗ ಹೇಳುತ್ತೇನೆ. ನಶೆ ಹೆಚ್ಚಾಗಿ ಉಸಿರು ನಿಲ್ಲುತ್ತಿರುವವನನ್ನು ನಿಮಿಷಗಳಲ್ಲಿ ಎಬ್ಬಿಸುವ ನಲಾಕ್ಸೋನ್ ಎಂಬ ಔಷಧಿ ಇದೆ. ಅದು ಪ್ರತಿ 108 ವಾಹನದಲ್ಲೂ ಇರಲಿ. 108ಕ್ಕೆ ಕರೆ ಮಾಡಿದರೆ ಪೊಲೀಸ್ ಕೇಸಾಗುವುದಿಲ್ಲ ಎಂದು ಗೃಹ ಸಚಿವರ ಜೊತೆ ಮಾತಾಡಿ ತಾವೇ ಬಾಯಿಬಿಟ್ಟು ಹೇಳಬೇಕು. ಆ ಹುಡುಗ ಬಿದ್ದಾಗ ಜೊತೆಯಲ್ಲಿದ್ದವರು ಕೇಸಿಗೆ ಹೆದರಿ ಓಡಿಹೋದರು. ಎರಡನೆಯದು ಹಣ. ನಮ್ಮ ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ನೂರು ರೂಪಾಯಿಯಲ್ಲಿ ಒಂದು ರೂಪಾಯಿ ತೆಗೆದಿಟ್ಟರೆ ಈ ಕಿಟಕಿಗಳೂ, ಆ ಹಾಸಿಗೆಗಳೂ, ಆ ಮಕ್ಕಳ ವಾರ್ಡೂ ಆಗಿ ಮಿಗುತ್ತದೆ.

ಗೆಳೆಯನನ್ನು ಮಣ್ಣು ಮಾಡಿ ಬಂದ ರಾತ್ರಿ ನನ್ನ ತಮ್ಮ ಸ್ನಾನವನ್ನೂ ಮಾಡದೆ ಹಿತ್ತಲಲ್ಲಿ ಕೂತಿದ್ದ. "ಅಣ್ಣಾ, ನನ್ನ ಸೆಂಟರಿಗೆ ಮಾತ್ರ ಹಾಕ್ಬೇಡ. ಡಾಕ್ಟರ್ ಹತ್ರ ಕರ್ಕೊಂಡು ಹೋಗು" ಎಂದ. ಹನ್ನೊಂದು ದಿನ ಅಲೆದ ಮೇಲೆ ನಗರದ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಆ ಮಾತ್ರೆ ಶುರುವಾಯಿತು. ಆ ಹನ್ನೊಂದು ರಾತ್ರಿ ನಾನು ಅವನ ಪಕ್ಕದಲ್ಲೇ ಮಲಗಿ ಉಸಿರು ಎಣಿಸಿದ್ದೇನೆ. ಈಗ ಎರಡು ವಾರಕ್ಕೊಮ್ಮೆ ಹೋಗುತ್ತಾನೆ. ಮೊದಲ ಮೆಟ್ರೊ, ಆಮೇಲೆ ಎರಡು ಬಸ್ಸು, ಆಮೇಲೆ ಸಾಲು. ನಡುವೆ ಒಂದು ಸಲ ಜಾರಿದ, ತಾನೇ ಬಂದು ಹೇಳಿದ, ವೈದ್ಯರು ಬೈಯದೆ ಡೋಸ್ ಸರಿಮಾಡಿದರು. ಕಳೆದ ತಿಂಗಳು ಅಮ್ಮನ ಎರಡು ಬಳೆಗಳಲ್ಲಿ ಒಂದನ್ನು ಅವನೇ ಬಿಡಿಸಿಕೊಂಡು ಬಂದ.

ಸತ್ತ ಹುಡುಗನ ತಾಯಿ ಈಗಲೂ ಬಿಪಿ ಮಾತ್ರೆಗೆ ನನ್ನ ಅಂಗಡಿಗೇ ಬರುತ್ತಾರೆ. "ಅವತ್ತು ರಾತ್ರಿ ನಿನ್ನ ಹತ್ರ ಬಂದಿದ್ದನಂತಲ್ಲಪ್ಪಾ, ಏನು ಕೇಳ್ದ?" ಎಂದು ಒಂದು ದಿನ ಕೇಳಿದರು. "ಬಿಡಿಸೋ ಮಾತ್ರೆ ಕೇಳ್ದ, ಅಮ್ಮ" ಎಂದೆ. ಚಿಲ್ಲರೆ ಎಣಿಸಿಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋದರು.

ನನ್ನ ಕೌಂಟರಿನ ಗಾಜಿನ ಮೇಲೆ ಎರಡು ನಂಬರ್ ಅಂಟಿಸಿದ್ದೇನೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್‌ನದು 14416. ಹುಡುಗರು ನೋಡಿ ಬರೆದುಕೊಂಡು ಹೋಗುತ್ತಾರೆ. ಅದರ ಕೆಳಗೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇನೆ. ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಯ ಹೆಸರು, ಕಿಟಕಿ ತೆರೆಯುವ ಹೊತ್ತು, ಎರಡನ್ನೂ ತಮ್ಮ ಇಲಾಖೆ ತಿಳಿಸಿದ ದಿನವೇ ಅಲ್ಲಿ ಬರೆದು ಅಂಟಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಔಷಧ ವ್ಯಾಪಾರಿ